ತಾನಾಗಿ ಕೆಟ್ಟ ಕಂಪ್ಯೂಟರು

ನಮ್ಮ ಮನೆಯಲ್ಲಿ ಯಾರೂ ಏನನ್ನೂ ಒಡೆಯುವುದಿಲ್ಲ. ಎಲ್ಲ ತಾನಾಗಿಯೇ ಒಡೆಯುತ್ತದೆ. ಅಡುಗೆಮನೆ ಕಿಟಕಿಯ ಗಾಜು ತಾನಾಗಿ ಒಡೆಯಿತು. ಅಜ್ಜಿಯ ಕನ್ನಡಕದ ಕಡ್ಡಿ ತಾನಾಗಿ ಮುರಿಯಿತು. ನನ್ನ ಮುಂದಿನ ಹಲ್ಲೊಂದು, ಕೇಳಿದವರಿಗೆ ನಾವು ಹೇಳುವ ಪ್ರಕಾರ, ತಾನಾಗಿ ಅಲುಗಾಡಿ ಬಿತ್ತು. ಯಾಕೆಂದರೆ ‘ನಾನು ಮಾಡಿದೆ’ ಎಂದು ಬಾಯಿಬಿಟ್ಟವರಿಗೆ ಏಟು ಬೀಳುತ್ತದೆ. ‘ಅವರು ಮಾಡಿದರು’ ಎಂದು ಬೆರಳು ತೋರಿಸಿದವರಿಗೂ ಬೀಳುತ್ತದೆ, ಸ್ವಲ್ಪ ಜಾಸ್ತಿಯೇ. ಹೊಡೆಯುವವನು ಅಪ್ಪ. ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವನದು. ಅಲ್ಲಿನವರು ಬೆನ್ನ ಹಿಂದೆ ಅವನನ್ನೂ ಬಾಯ್ಲರ್ ಅಂತಲೇ ಕರೆಯುತ್ತಾರೆ. ಮುಖದೆದುರು ಕರೆಯುವ ಗಂಡಸು ಇನ್ನೂ ಹುಟ್ಟಿಲ್ಲ.

ಆ ಮಂಗಳವಾರ ಕಂಪ್ಯೂಟರು ಕೂಡ ತಾನಾಗಿ ಕೆಟ್ಟಿತು.

ಅದು ಅಕ್ಕನದು. ಮುಚ್ಚಿಹೋದ ಆಫೀಸೊಂದರ ಹಳೇ ಸಾಮಾನಿನಲ್ಲಿ ಸಿಕ್ಕಿದ್ದನ್ನು ನಾನೇ ಹೆಗಲ ಮೇಲೆ ಹೊತ್ತು ತಂದಿದ್ದೆ. ಗೇಟು, ಕಿಟಕಿ ಸರಳು ಮಾಡುವ ಅಂಗಡಿಯಲ್ಲಿ ನಾನು ಬೆಸುಗೆ ಹಾಕುವವನು. ಉಳಿದ ಕಬ್ಬಿಣದ ಪಟ್ಟಿಯಲ್ಲಿ ಅದರ ಡಬ್ಬ ಕೂರಿಸಲು ಒಂದು ಸ್ಟೂಲನ್ನೂ ಮಾಡಿಕೊಟ್ಟಿದ್ದೆ. ಅಕ್ಕ ಅದರಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ಪಕ್ಕದೂರಿನ ನಕ್ಷೆ ಆಫೀಸೊಂದು ಅವಳನ್ನು ಪರೀಕ್ಷೆ ಮಾಡಲು ಒಂದು ಕೆಲಸ ಕೊಟ್ಟಿತ್ತು. ನಮ್ಮ ಬೀದಿಯ ಕೊನೆಯಲ್ಲಿರುವ ಹಳೇ ಶಾಲೆಯನ್ನು ಕೆಡವುವವರಿದ್ದರು. ಅದಕ್ಕೆ ಮುಂಚೆ ಕೋಣೆ ಕೋಣೆ ಅಳೆದು ಹದಿನಾರು ಹಾಳೆ ನಕ್ಷೆ ಆಗಬೇಕು. ತಿಂಗಳ ಕೊನೆಯ ಸೋಮವಾರ ಹನ್ನೊಂದು ಗಂಟೆಯೊಳಗೆ ಕೊಟ್ಟರೆ ಕೆಲಸ ಖಾಯಂ, ಅಲ್ಲೇ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಕೋಣೆ. ಅಕ್ಕನಿಗೆ ಇಪ್ಪತ್ತೇಳು. ಏಟು ತಿನ್ನದೆ ಬೆಳಗಾಗುವ ಮನೆ ಹೇಗಿರುತ್ತದೆ ಎಂದು ಅವಳು ನೋಡಿರಲಿಲ್ಲ. ಹದಿನಾಲ್ಕು ಹಾಳೆ ಮುಗಿದಿತ್ತು.

ಸಂಜೆ ಏಳಕ್ಕೆ ಪ್ರಿಂಟ್ ಅಂಗಡಿಯಿಂದ ಬಂದವಳು ಗುಂಡಿ ಒತ್ತಿದಳು. ಪರದೆ ಕಪ್ಪಗೇ ಇತ್ತು.

“ಯಾರು ಮುಟ್ಟಿದ್ರು ಇದನ್ನ?”

“ಯಾರೂ ಮುಟ್ಟಿಲ್ಲ,” ಎಂದಳು ಅಮ್ಮ, ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಲೇ.

“ಹದಿನೈದನೇ ಹಾಳೆ ಸೇವ್ ಆಗ್ತಾ ಇತ್ತು, ಆನ್ ಮಾಡಿಟ್ಟೇ ಹೋಗಿದ್ದೆ. ಆಫ್ ಮಾಡಿದ್ಯಾರು?”

“ಕರೆಂಟ್ ಹೋಗಿರ್ಬೇಕು.”

“ಹೋಗಿತ್ತಾ ಅಜ್ಜೀ?”

ಅಜ್ಜಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. “ನಂಗೇನ್ ಗೊತ್ತಮ್ಮ. ನಿದ್ದೆ ಮಾಡ್ತಿದ್ದೆ.” ಅಜ್ಜಿ ಹಗಲು ನಿದ್ದೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

“ಕೆಡೋ ಸಾಮಾನು ಕೆಡುತ್ತೆ,” ಎಂದ ಅಪ್ಪ. “ಊಟ ಹಾಕು.”

ಅಕ್ಕ ನನ್ನ ಕಡೆ ತಿರುಗಿದಳು. “ನೀನು?”

“ನಾನು ಈಗ ತಾನೇ ಬಂದೆ.”

ಸುಳ್ಳು. ನಾನು ಆರು ಗಂಟೆಗೇ ಬಂದಿದ್ದೆ. ಹಾಡು ಕೇಳೋಣ ಅಂತ ಗುಂಡಿ ಒತ್ತಿದೆ. ಒಳಗೆ ಯಾರೋ ಉಗುರಿನಿಂದ ತಗಡು ತಟ್ಟಿದಂತೆ ಸದ್ದಾಯಿತು. ಪರದೆಯಲ್ಲಿ ಏನೂ ಬರಲಿಲ್ಲ. ಕೈಕೊಟ್ಟ ಸಾಮಾನಿಗೆ ನಾನು ಏನು ಮಾಡುತ್ತೇನೋ ಅದನ್ನೇ ಇದಕ್ಕೂ ಮಾಡಿದೆ. ಡಬ್ಬದ ತಲೆಗೆ ಎರಡು ಗುದ್ದು, ಹೆಬ್ಬೆರಳು ನೋಯುವಷ್ಟು. ಸದ್ದು ಇನ್ನೂ ಜೋರಾಯಿತು. ಪ್ಲಗ್ ಕಿತ್ತು, ಸದ್ದು ನಿಂತ ಮೇಲೆ ಮತ್ತೆ ಸಿಕ್ಕಿಸಿ ಬೀದಿಗೆ ಹೋಗಿ ನಿಂತಿದ್ದೆ.

ಮಾರನೇ ದಿನ ಕೆಲಸಕ್ಕೆ ಚಕ್ಕರ್ ಹೊಡೆದು ಡಬ್ಬ ಬಿಚ್ಚಿದೆ. ಕಂಪ್ಯೂಟರ್ ಓದು ನಾನು ಓದಿಲ್ಲ. ಯಾವ ಓದೂ ಓದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಬೆಂಚಿನಿಂದ ಎದ್ದು ಬಂದವನು ಮತ್ತೆ ಹೋಗಲಿಲ್ಲ. ಆದರೆ ತಂತಿ ಎಲ್ಲಿದ್ದರೂ ತಂತಿಯೇ. ಮೊದಲು ಗೋಡೆಯ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಸಿಕ್ಕಿಸಿದೆ, ಉರಿಯಿತು. ಪವರ್ ಸಪ್ಲೈನ ದಪ್ಪ ಕನೆಕ್ಟರ್ ಕಿತ್ತು, ಹಸಿರು ತಂತಿಗೂ ಕಪ್ಪು ತಂತಿಗೂ ಬಾಗಿಸಿದ ಪಿನ್ ಚುಚ್ಚಿದೆ. ಅದರ ಫ್ಯಾನು ತಿರುಗಿತು. ಮೆಮೊರಿ ಪಟ್ಟಿಗಳನ್ನು ಬಿಡಿಸಿ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಧೂಳು, ಕೂದಲು, ಒಂದು ಸತ್ತ ಜಿರಳೆ ಹೊರಗೆ ಬಂದವು. ಅಕ್ಕ ಪಕ್ಕದಲ್ಲಿ ಕೂತು ಒಂದೊಂದು ಸ್ಕ್ರೂವನ್ನೂ ಬಟ್ಟಲಿಗೆ ಹಾಕಿಟ್ಟುಕೊಂಡಳು.

ಈ ಸಲ ಪರದೆ ಬೆಳಗಿತು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಡಿಸ್ಕ್ ಸಿಗುತ್ತಿಲ್ಲ. ಒಳಗಿನಿಂದ ಅದೇ ಸದ್ದು. ಟಕ್. ಟಕ್. ಟಕ್.

“ಏನೋ ಅದು?” ಎಂದಳು ಅಕ್ಕ.

“ಗೊತ್ತಿಲ್ಲ.”

“ಗೊತ್ತಿಲ್ದೋನು ಮುಖ ಯಾಕೆ ಹಂಗೆ ಮಾಡ್ತೀಯ?”

“ನನ್ನ ಮುಖವೇ ಹಂಗೆ. ಬೇಕಾದ್ರೆ ಇದನ್ನೂ ಬಿಚ್ಚು.”

ಅವಳು ನಕ್ಕಳು. ನನಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು. ಆಮೇಲೆ ಅವಳು ದಿನಕ್ಕೆ ಇಪ್ಪತ್ತು ಸಲ ಗುಂಡಿ ಒತ್ತಿದಳು. ‘ಈ ಸಲ ಬಂದರೂ ಬರಬಹುದು’ ಎನ್ನುವಳು, ಒತ್ತುವಳು, ಕಿವಿಯಿಟ್ಟು ಕೇಳುವಳು, ಆಫ್ ಮಾಡುವಳು. ಪೆನ್‌ಡ್ರೈವಿನಲ್ಲಿ ಮೊದಲ ನಾಲ್ಕು ಹಾಳೆ ಮಾತ್ರ ಇದ್ದವು.

ಶುಕ್ರವಾರ ಬೆಳಿಗ್ಗೆ ಅಪ್ಪ ಚಹಾ ಕುಡಿಯುವಾಗ ಅವಳು ಎದುರಿಗೆ ಬಂದು ನಿಂತಳು.

“ಮಂಗಳವಾರ ಮಧ್ಯಾಹ್ನ ನೀನು ಮನೇಲಿದ್ಯಂತೆ ಅಪ್ಪ. ಎದುರುಮನೆಯವರು ಹೇಳಿದ್ರು.”

“ಶಿಫ್ಟ್ ಬಿಟ್ಟು ಬೇಗ ಬಂದೆ. ಮಲಗಿದ್ದೆ. ಯಾಕೆ, ನಿಂಗೆ ವರದಿ ಒಪ್ಪಿಸ್ಬೇಕಾ?”

“ಕರೆಂಟ್ ಹೋಗಿತ್ತಾ ಅಂತ ಕೇಳ್ದೆ ಅಷ್ಟೆ. ಬೀದೀಲಿ ಯಾರ ಮನೇಲೂ ಹೋಗಿಲ್ವಂತೆ.”

“ಬೀದಿಗೆಲ್ಲ ಹೋಗಿ ವಿಚಾರಣೆ ಮಾಡಿದ್ಯಾ?”

“ಹೂಂ, ಮಾಡ್—”

ಅಂಗೈ ಅವಳ ಕೆನ್ನೆಗೆ ಬಿದ್ದ ಸದ್ದಿಗೆ ಹೊರಗೆ ನಿಂತಿದ್ದ ಹಾಲಿನವನು ಸೈಕಲ್ ತಳ್ಳಿಕೊಂಡು ಹೋಗಿಬಿಟ್ಟ. ಅವಳ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿದ್ದು ಚೂರಾಯಿತು. ಅಮ್ಮ ಪೊರಕೆ ತಂದಳು. ಬೇರೆ ದಿನವಾಗಿದ್ದರೆ ನಾನು ಅಡ್ಡ ಬೀಳುತ್ತಿದ್ದೆ, ಒಂದು ನಾಲ್ಕು ತಿನ್ನುತ್ತಿದ್ದೆ. ಅವತ್ತು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ಬಾಗಿಲ ಹತ್ತಿರವೇ ನಿಂತೆ. ಅವಳು ತಿಂದದ್ದು ನನ್ನ ಏಟು ಎಂದೇ ನಾನು ತಿಳಿದಿದ್ದೆ.

ಆ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ. ಅಂಗಡಿಯಲ್ಲಿ ನನ್ನ ಜೊತೆ ಸರಳು ಕತ್ತರಿಸುವವನು “ಏನೋ, ನಿಮ್ಮಕ್ಕನ ಡಬ್ಬ ಇನ್ನೂ ಬಾಯಿ ಬಿಟ್ಟಿಲ್ವಾ?” ಎಂದ. ಅಷ್ಟೇ ಅಂದದ್ದು. ಇಕ್ಕಳದಲ್ಲಿ ಹಿಡಿದಿದ್ದ ಬಿಸಿ ತುಂಡನ್ನು ಹಾಗೇ ಬೀಸಿದೆ. ಅವನು ಬಗ್ಗಿದ್ದರಿಂದ ಅವನ ಟೊಪ್ಪಿ ಸುಟ್ಟಿತು, ಮುಖ ಉಳಿಯಿತು. ಮಾಲೀಕ ಒಂದು ವಾರ ಬರಬೇಡ ಎಂದ. “ಅಪ್ಪನ ಮಗನೇ ಸರಿ,” ಎಂದು ಮಾಲೀಕ ಹಿಂದಿನಿಂದ ಹೇಳಿದ್ದೂ ಕೇಳಿಸಿತು.

ಶನಿವಾರ ಅಕ್ಕ ರಿಪೇರಿಯವಳನ್ನು ಮನೆಗೇ ಕರೆದುಕೊಂಡು ಬಂದಳು. ಮೂಲೆ ಕಟ್ಟಡದ ಮೆಟ್ಟಿಲ ಕೆಳಗೆ ಅಂಗಡಿ ಇಟ್ಟುಕೊಂಡಿರುವ ಹೆಂಗಸು ಅವಳು. ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಏರಿಸಿಕೊಂಡಿರುವುದರಿಂದ ಬೀದಿಯವರೆಲ್ಲ ಭೂತಗನ್ನಡಿ ಎಂದೇ ಕರೆಯುತ್ತಾರೆ, ಕರೆದರೆ ಓಗೊಡುತ್ತಾಳೆ. ಸದ್ದು ಕೇಳಿದಳು. ಕೂಡಲೇ ಆಫ್ ಮಾಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ನಮ್ಮೆಲ್ಲರ ಎದುರಿಗೆ ಕೂತಳು.

“ಡಾಕ್ಟರ್ ಹತ್ರ, ವಕೀಲ್ರ ಹತ್ರ, ನನ್ನ ಹತ್ರ ಸುಳ್ಳು ಹೇಳ್ಬಾರ್ದು. ಇದು ಬಿತ್ತಾ?”

“ಇಲ್ಲ,” ಎಂದಳು ಅಮ್ಮ.

“ಏನಾದ್ರೂ ತಾಗ್ತಾ? ಏಟು ಗೀಟು?”

“ಇಲ್ಲ,” ಎಂದೆ ನಾನು.

“ಅಜ್ಜೀ, ನೀವು ಇಲ್ಲೇ ಇರ್ತೀರಲ್ಲ ದಿನಾ?”

“ಕಣ್ಣು ಕಾಣಲ್ಲ ತಾಯಿ.”

“ಕಿವಿ?”

“ಅದೂ ಅಷ್ಟಕ್ಕಷ್ಟೆ.”

ಅಪ್ಪ ಒಳಗಿನಿಂದಲೇ, “ಅದಕ್ಕೆ ವಯಸ್ಸಾಗಿದೆ, ಕಸಕ್ಕೆ ಹಾಕೋದು ಬಿಟ್ಟು ಪಂಚಾಯ್ತಿ ಮಾಡ್ತಾ ಕೂತಿದ್ದಾರೆ,” ಎಂದ.

ಭೂತಗನ್ನಡಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಬಿದ್ದಿದ್ರೆ ಒಂದು ಔಷಧಿ, ಮುದಿಯಾಗಿದ್ರೆ ಒಂದು ಔಷಧಿ. ಬಿದ್ದಿಲ್ಲ ಅಂತೀರಿ. ಸರಿ, ಮುದಿ ಅಂತಲೇ ನೋಡ್ತೀನಿ. ಅಂಗಡೀಲಿ ಬಿಡದೆ ಓಡಿಸಿ, ಸ್ವಲ್ಪ ಸ್ವಲ್ಪವೇ ಎಳ್ಕೋತೀನಿ.” ಡಿಸ್ಕನ್ನು ಮಾತ್ರ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ಸರದಿಯಲ್ಲಿ ಇನ್ನೂ ಆರು ಕಂಪ್ಯೂಟರು ಇವೆ, ಮುಂದಿನ ವಾರ ಕೂರಿಸುತ್ತೇನೆ ಎಂದಳು.

ಹತ್ತಿರ ಹತ್ತಿರ ಎರಡು ವಾರ ಅಕ್ಕ ದಿನಾ ಸಂಜೆ ಹೋಗಿ ಕೇಳಿ ಬಂದಳು. ಅಪ್ಪನಿಗೆ ಆ ದಿನಗಳಲ್ಲಿ ಎಂದೂ ಇಲ್ಲದ ಸಮಾಧಾನ. ಒಂದು ದಿನ ಅವಳ ತಟ್ಟೆಗೆ ತಾನೇ ಮೊಟ್ಟೆ ಹಾಕಿ, “ಮನೇಲಿದ್ದು ಅಮ್ಮನ ಕೈ ಹಿಡಿ. ಇಸ್ತ್ರಿ ಅಂಗಡೀಲಿ ಅವಳೊಬ್ಬಳೇ ಎಷ್ಟು ದಿನ ನಿಲ್ತಾಳೆ?” ಎಂದ. ಅಕ್ಕ ಆ ಮೊಟ್ಟೆಯನ್ನು ಹಾಗೇ ಬಿಟ್ಟು ಎದ್ದಳು. ಅಪ್ಪ ಸಮಾಧಾನವಾಗಿಯೇ ತಟ್ಟೆಯನ್ನು ಅವಳ ಬೆನ್ನಿಗೆ ಎಸೆದ.

ಶನಿವಾರ ಭೂತಗನ್ನಡಿ ಹೇಳಿಕಳಿಸಿದಳು. ಬರುವಾಗ ಡಬ್ಬವನ್ನೂ ತನ್ನಿ ಎಂದಿದ್ದಳು, ನಾನು ಹೊತ್ತೆ. ಅವಳ ಮೇಜಿನ ಮೇಲೆ ಡಿಸ್ಕು ಹೊಟ್ಟೆ ಬಗೆದು ಬಿದ್ದಿತ್ತು. ಕನ್ನಡಿಯಂತೆ ಹೊಳೆಯಬೇಕಾಗಿದ್ದ ತಟ್ಟೆಯ ಮೇಲೆ ಬಳೆಯಷ್ಟು ಅಗಲದ ಬೂದಿ ಬಣ್ಣದ ಗೀಚು.

“ಇದು ವಯಸ್ಸಾಗಿ ಸತ್ತಿದ್ದಲ್ಲ,” ಎಂದಳು. ಡಬ್ಬವನ್ನು ತಿರುಗಿಸಿ ಕೆಳಗಿನ ಮೂಲೆ ತೋರಿಸಿದಳು; ಕಬ್ಬಿಣ ಒಳಕ್ಕೆ ಮಡಚಿಹೋಗಿತ್ತು. “ಓಡ್ತಾ ಇರೋವಾಗ ಬಿದ್ದಿದೆ. ಒಳಗಿರೋ ಸೂಜಿ ತಟ್ಟೆಗೆ ಕಚ್ಚಿದೆ. ಮೊದಲನೇ ದಿನ ಬಿತ್ತು ಅಂತ ಒಂದು ಮಾತು ಹೇಳಿದ್ರೆ ನಾನು ಇದಕ್ಕೆ ಕರೆಂಟೇ ತೋರಿಸ್ತಿರ್ಲಿಲ್ಲ. ದೊಡ್ಡ ಕಡೆಗೆ ಕಳಿಸಿ ಸೂಜಿ ಬದಲಾಯಿಸಿ, ಪೂರ್ತಿ ಅಲ್ದಿದ್ರೂ ಮುಕ್ಕಾಲು ತೆಗೀಬಹುದಿತ್ತು. ಬಿದ್ದಿಲ್ಲ ಅಂದ್ರಿ. ಐದು ದಿನ ಓಡಿಸ್ದೆ. ಐದು ದಿನ ಅದು ತನ್ನ ಚರ್ಮ ತಾನೇ ಸುಲ್ಕೊಂಡಿದೆ.”

“ಅಂದ್ರೆ?” ಎಂದಳು ಅಕ್ಕ.

“ಅಂದ್ರೆ ಏನೂ ಇಲ್ಲಮ್ಮ. ಖಾಲಿ.”

ದಾರಿಯುದ್ದಕ್ಕೂ ಅಕ್ಕ ಬೆರಳು ಮಡಚಿ ದಿನ ಎಣಿಸಿದಳು. ಉಳಿದಿದ್ದದ್ದು ಒಂಬತ್ತು ದಿನ.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅನ್ನ, ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ಅಕ್ಕ ಬಂದು ಆ ಡಿಸ್ಕನ್ನು ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟಳು.

“ಇದು ಬಿದ್ದಿದೆ. ಬೀಳ್ಸಿದ್ದು ಯಾರು? ಇವತ್ತು ಹೇಳೋತನಕ ಯಾರೂ ಏಳಂಗಿಲ್ಲ.”

ಯಾರೂ ತಲೆ ಎತ್ತಲಿಲ್ಲ. ನಾನು ಚಮಚ ಕೆಳಗಿಟ್ಟೆ.

“ನಾನು,” ಎಂದೆ. “ಬೀಳ್ಸಿಲ್ಲ. ಗುದ್ದಿದೆ. ಅವತ್ತು ಆರು ಗಂಟೆಗೇ ಬಂದಿದ್ದೆ. ಆನ್ ಆಗ್ಲಿಲ್ಲ ಅಂತ ಎರಡು ಗುದ್ದಿದೆ ಅಕ್ಕಾ.”

ಅವಳ ಕೈಗೆ ಸಿಕ್ಕಿದ್ದು ಸ್ಟೀಲ್ ಜಗ್ಗು. ನನ್ನ ಹುಬ್ಬಿನ ಮೇಲೆ ಬಿತ್ತು. ರಕ್ತ ಕಣ್ಣಿಗಿಳಿದು ಅರ್ಧ ಮನೆ ಕೆಂಪಾಯಿತು. ಮತ್ತೆ ಎತ್ತಿದಳು.

“ಬೇಡ ಕಣೇ!” ಅಮ್ಮ ಅವಳ ತೋಳು ಹಿಡಿದಳು. “ಅವನಲ್ಲ! ನಾನು ನಾಲ್ಕು ಗಂಟೆಗೆ ಬಂದಾಗ್ಲೇ ಅದು ನೆಲದ ಮೇಲೆ ಬಿದ್ದಿತ್ತು. ನಾನೇ ಆಫ್ ಮಾಡಿ, ಎತ್ತಿ ಸ್ಟೂಲ್ ಮೇಲಿಟ್ಟು ಒರೆಸಿದೆ.”

“ಒರೆಸಿ? ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯಾ? ಅವಳು ಬಂದು ಎದುರಿಗೆ ಕೂತು ಕೇಳಿದ್ಳಲ್ಲಮ್ಮ, ಬಿತ್ತಾ ಅಂತ!”

“ಹೇಳಿದ್ರೆ ಏನಾಗ್ತಿತ್ತು ಅಂತ ನಿಂಗೆ ಗೊತ್ತಿಲ್ವಾ? ಈ ಮನೇಲಿ ಹುಟ್ಟಿದೋಳಲ್ವಾ ನೀನು?”

ಮಂಚದ ಕಡೆಯಿಂದ ಕೆಮ್ಮು ಕೇಳಿಸಿತು. “ನಾನು ನಿದ್ದೆ ಮಾಡ್ತಿರ್ಲಿಲ್ಲ ಮಗಾ,” ಎಂದಳು ಅಜ್ಜಿ.

ಅಪ್ಪನ ಚಮಚ ನಿಂತಿತು. “ಅಮ್ಮ, ಸುಮ್ನಿರು.”

“ನೀನು ಚಿಕ್ಕೋನಿದ್ದಾಗ ಸುಮ್ನಿರು ಸುಮ್ನಿರು ಅಂತ ನಿನ್ನ ಚಚ್ಚಿದೋಳು ನಾನು. ಈಗ ನನ್ನ ಬಾಯಿ ಮುಚ್ಚಿಸ್ತೀಯ.” ಅಜ್ಜಿ ಮಂಚದ ಅಂಚಿಗೆ ಸರಿದು ಕೂತಳು. “ಇವನೇ ಕಣಮ್ಮ. ಮೇಜಿನ ಮೇಲೆ ನಿನ್ನ ಹಾಸ್ಟೆಲ್ ಕಾಗದ ಇತ್ತಲ್ಲ, ಅದನ್ನ ಓದ್ದ. ಓದಿ ನೀಟಾಗಿ ಮಡಚಿ ಅಲ್ಲೇ ಇಟ್ಟ. ಆಮೇಲೆ ಒದ್ದ. ಕೆಳಗೆ ಬಿದ್ದ ಮೇಲೂ ಒದ್ದ. ಅದಿನ್ನೂ ಗುಂಯ್ ಅಂತಿತ್ತು.”

ಅಪ್ಪ ಎದ್ದ ರಭಸಕ್ಕೆ ಮೇಜು ಅಮ್ಮನ ಮೈಮೇಲೆ ಮಗುಚಿತು. ಎರಡೇ ಹೆಜ್ಜೆ. ಹೆತ್ತ ತಾಯಿಯ ಎದೆಗೆ ಎರಡೂ ಅಂಗೈ ಇಟ್ಟು ನೂಕಿದ. ಅಜ್ಜಿ ಮಂಚದ ಆ ಬದಿಯಿಂದ ನೆಲಕ್ಕೆ ಬಿದ್ದಳು. ಒಣ ಪುಳ್ಳೆ ಮುರಿದಂಥ ಸದ್ದು. ಅವಳು ಕೂಗಲಿಲ್ಲ, “ಅಯ್ಯೋ, ಹೋಯ್ತು,” ಎಂದಳು, ಪಾತ್ರೆ ಕೈಜಾರಿದರೆ ಅನ್ನುವ ಹಾಗೆ.

ಡಬ್ಬ ಕೂರುತ್ತಿದ್ದ ಸ್ಟೂಲು ನನ್ನ ಕೈಯಲ್ಲಿತ್ತು. ಯಾವಾಗ ಎತ್ತಿದೆನೋ ತಿಳಿಯದು. ಅಪ್ಪ ತಿರುಗಿ ಬಲಗೈ ಅಡ್ಡ ಹಿಡಿದ. ಮೊದಲ ಏಟಿಗೆ ಆ ಕೈ ಕೆಳಗಿಳಿಯಿತು. ಎರಡನೆಯದಕ್ಕೆ ಮಣಿಕಟ್ಟು ಬೇರೆ ದಿಕ್ಕಿಗೆ ತಿರುಗಿತು. ಅವನು ಗೋಡೆಗೆ ಒರಗಿ ಜಾರಿದ. ಮೂರನೆಯದನ್ನು ತಲೆಗೆಂದೇ ಎತ್ತಿದ್ದೆ. ಅಕ್ಕ ಹಿಂದಿನಿಂದ ಸ್ಟೂಲಿನ ಕಾಲು ಹಿಡಿದು ನೇತಾಡಿದಳು.

“ಸಾಯಿಸ್ತೀಯೇನೋ?”

“ಹೂಂ,” ಎಂದೆ.

“ಬಿಡೋ! ಅಜ್ಜಿನ ಎತ್ಕೋ ಮೊದ್ಲು!”

ಆಸ್ಪತ್ರೆಯಲ್ಲಿ ಡಾಕ್ಟರು ಅಜ್ಜಿಯ ಸೊಂಟ ನೋಡಿದರು, ಅಪ್ಪನ ಕೈ ನೋಡಿದರು, ನನ್ನ ಹುಬ್ಬು ನೋಡಿದರು. “ಏನಾಯ್ತು?” ಎಂದರು. ಅಮ್ಮ ಬಾಯಿ ತೆರೆದಳು. ‘ಬಿದ್ರು ಡಾಕ್ಟ್ರೇ’ ಎಂಬ ಮಾತು ಅವಳ ತುಟಿಯ ಮೇಲೆ ಬಂದು ಕೂತದ್ದು ನನಗೆ ಕಾಣಿಸಿತು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಅಮ್ಮ ಸೆರಗಿಗೆ ಅಂಟಿದ್ದ ಅನ್ನದ ಅಗುಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಹೇಳಿದಳು: “ಇವರು ನಮ್ಮತ್ತೇನ ನೂಕಿದ್ರು. ನನ್ನ ಮಗ ಇವರ ಕೈ ಮುರಿದ. ಅವನ ಹುಬ್ಬು ಒಡೆದಿದ್ದು ನನ್ನ ಮಗಳು. ಬರ್ಕೊಳ್ಳಿ.”

ಪೊಲೀಸರು ಅಪ್ಪನನ್ನೂ ನನ್ನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೇಳಿಕೆ ಬರೆಸಿಕೊಂಡರು. ಸಂಜೆಯವರೆಗೂ ಕೂತಿದ್ದೆವು. ಅಪ್ಪ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಷ್ಟಿಗಳನ್ನು ನೋಡಿದ.

“ಗಟ್ಟಿ ಕೈ,” ಎಂದ. “ನಂದೇ.”

ಹೆಮ್ಮೆಯಿಂದ ಹೇಳಿದ. ನಾನು ಕೈಗಳನ್ನು ತೊಡೆಯ ಕೆಳಗೆ ಅಡಗಿಸಿದೆ. ಕರೆದಾಗ ಹಾಜರಾಗಬೇಕು ಎಂದು ಸಹಿ ಹಾಕಿಸಿ ಇಬ್ಬರನ್ನೂ ಬಿಟ್ಟರು.

ಅಕ್ಕ ಮನೆಯಲ್ಲಿ ಉಳಿಯಲಿಲ್ಲ. ಅಳತೆಯ ಪುಸ್ತಕ, ಪೆನ್‌ಡ್ರೈವು, ಎರಡು ಜೊತೆ ಬಟ್ಟೆ ತೆಗೆದುಕೊಂಡು ಭೂತಗನ್ನಡಿಯ ಅಂಗಡಿಗೆ ಹೋದಳು. ಅಲ್ಲಿ ರಿಪೇರಿಗೆ ಬಂದು ಯಾರೂ ವಾಪಸು ಒಯ್ಯದ ಕಂಪ್ಯೂಟರೊಂದು ಇತ್ತು. ಹಿಂದಿನ ಕೋಣೆಯಲ್ಲಿ ಚಾಪೆ ಹಾಸುವಷ್ಟು ಜಾಗ. ಮಾರನೇ ದಿನ ನಾನು ಹೋದೆ.

“ಯಾಕೆ ಬಂದೆ?” ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಅಳತೆ ಓದಿ ಹೇಳ್ತೀನಿ. ನೀನು ಬರಿ. ಬೇಗ ಆಗುತ್ತೆ.”

“ನೀನು? ಓದ್ತೀಯಾ?”

“ದಿನಾ ಗೇಟ್ ಅಳೆಯೋನು ನಾನು. ಕಥೆಪುಸ್ತಕ ಅಲ್ವಲ್ಲ, ಅಂಕಿ ತಾನೇ?”

ಭೂತಗನ್ನಡಿ ಚಿಮಟ ಹಿಡಿದುಕೊಂಡೇ, “ಕೂರ್ಸಿಕೊಳ್ಳಮ್ಮ, ಬಾಡಿಗೆ ಇಲ್ದೆ ಸಿಕ್ಕಿದ್ದಾನೆ,” ಎಂದಳು.

ಅಕ್ಕ ನನ್ನ ಕಡೆ ತಿರುಗಿದಳು. ಹೊಲಿಗೆ ಹಾಕಿದ ಹುಬ್ಬನ್ನು ನೋಡಿದಳು. “ಒಂದು ಮಾತು ಕೇಳ್ಕೋ. ಅವತ್ತು ನೀನು ಅಜ್ಜಿಗೋಸ್ಕರ ಹೊಡೆದೆ ಅಂತ ಊರೆಲ್ಲ ಹೇಳ್ಕೋ. ಮೂರನೇ ಏಟು ಯಾರಿಗೋಸ್ಕರ? ಮನೇಲಿ ಬಾಯ್ಲರ್ ಒಂದಿತ್ತು, ಈಗ ಎರಡಾಗಿದೆ. ನಾ ಹೋದ್ಮೇಲೆ ಅಮ್ಮ ಎರಡರ ಮಧ್ಯೆ ಬೇಯ್ಬೇಕು.”

ಪುಸ್ತಕ ತೆಗೆದು ಓದಿದೆ. “ಐದನೇ ಹಾಳೆ, ಒಂದನೇ ಕೋಣೆ. ಉದ್ದ ಇಪ್ಪತ್ತು ಅಡಿ ಆರು ಇಂಚು.”

“ಮುಂದೆ.”

“ಬಾಗಿಲು, ಮೂರು ಅಡಿ ನಾಲ್ಕು.”

ಕೆಲಸಕ್ಕೆ ಮತ್ತೆ ಚಕ್ಕರ್, ಏಳು ದಿನ ಹೀಗೇ. ನಾನು ಓದುವುದು, ಅವಳು ಗೆರೆ ಎಳೆಯುವುದು. ಎಂಟು ವರ್ಷದ ಹಿಂದೆ ಬಿಟ್ಟು ಬಂದ ಶಾಲೆಯನ್ನು ನಾನು ಮತ್ತೆ ಒಂದೊಂದೇ ಕೋಣೆಯಾಗಿ ಓದಿದೆ. ಒಂಬತ್ತನೇ ಕ್ಲಾಸಿನ ಕಿಟಕಿ ನಾಲ್ಕು ಅಡಿ. ಮುಖ್ಯೋಪಾಧ್ಯಾಯರ ಕೋಣೆ ಹತ್ತಕ್ಕೆ ಹನ್ನೆರಡು. ಬೆತ್ತ ಬೀಸಲು ಅಷ್ಟು ಜಾಗ ಬೇಕಾಗುತ್ತಿತ್ತೇನೋ. ಅಮ್ಮ ದಿನಾ ಮಧ್ಯಾಹ್ನ ಇಸ್ತ್ರಿ ಅಂಗಡಿಯಿಂದ ನೇರ ಇಲ್ಲಿಗೇ ಊಟದ ಡಬ್ಬಿ ತರುತ್ತಿದ್ದಳು.

“ಅಪ್ಪನಿಗೆ?” ಎಂದು ಕೇಳಿದೆ ಒಂದು ದಿನ.

“ಎಡಗೈ ಇದೆಯಲ್ಲ. ಬೇಯಿಸ್ಕೊಳ್ಲಿ,” ಎಂದಳು. “ಆಸ್ಪತ್ರೇಲಿ ನಿಮ್ಮಜ್ಜಿ ನರ್ಸಿಗೆಲ್ಲ ಹೇಳ್ತಿದ್ದಾಳೆ, ನನ್ನ ಮಗ ನೂಕಿದ, ನನ್ನ ಮಗ ನೂಕಿದ ಅಂತ. ಕೇಳಿ ಕೇಳಿ ಅವರಿಗೇ ಸಾಕಾಗಿದೆ.” ಮೂರೂ ಜನ ನಕ್ಕೆವು. ಅಮ್ಮನ ನಗು ನಡುವೆಯೇ ಅಳುವಾಯಿತು. ಡಬ್ಬಿ ತೊಳೆದುಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹದಿನಾರನೇ ಹಾಳೆ ಮಾತ್ರ ಉಳಿದಿತ್ತು, ಮೆಟ್ಟಿಲಿನ ಹಾಳೆ. ಪುಟ ತಿರುಗಿಸಿದೆ. ಖಾಲಿ.

“ಮೆಟ್ಟಿಲ ಎತ್ತರ ಇಲ್ಲ ಅಕ್ಕಾ.”

ಅವಳು ಪುಸ್ತಕ ಕಿತ್ತುಕೊಂಡು ನೋಡಿದಳು. ಹಣೆ ಚಚ್ಚಿಕೊಂಡಳು. “ಅಂಗೈ ಮೇಲೆ ಬರ್ಕೊಂಡು ಬಂದು ಸೀದಾ ಕಂಪ್ಯೂಟರಿಗೆ ಹಾಕಿದ್ದೆ. ಪುಸ್ತಕಕ್ಕೆ ಹತ್ತಿಸ್ಲೇ ಇಲ್ಲ. ಬಾ. ಓಡು.”

ಬಸ್ಸು ಒಂಬತ್ತೂವರೆಗೆ. ಶಾಲೆಯವರೆಗೆ ಓಡಿದೆವು. ಮೆಟ್ಟಿಲಿನ ಕಂಬಿ ಕಟಕಟೆಯನ್ನು ಯಾರೋ ಆಗಲೇ ಕಿತ್ತುಕೊಂಡು ಹೋಗಿದ್ದರು. ಭೂತಗನ್ನಡಿ ಕೊಟ್ಟ ಟೇಪಿನ ತುದಿಯ ಕೊಕ್ಕೆ ಮುರಿದಿತ್ತು. ಒಬ್ಬರು ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿಯಲೇಬೇಕು. ನಾನು ಮೇಲಿನ ಮಹಡಿಯ ಅಂಚಿನಲ್ಲಿ ಮಂಡಿಯೂರಿ ತುದಿ ಹಿಡಿದೆ. ಅಕ್ಕ ಟೇಪನ್ನು ಬಿಚ್ಚಿಕೊಳ್ಳುತ್ತಾ ಕೆಳಗಿಳಿದಳು.

ಅವಳು ತಳ ಮುಟ್ಟುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ಕಾಣಿಸಿದ. ಬಲಗೈ ಪಟ್ಟಿಯಲ್ಲಿ ನೇತಾಡುತ್ತಿತ್ತು. ನಾವು ಬೀದಿಯಲ್ಲಿ ಓಡಿದ್ದನ್ನು ಮನೆ ಬಾಗಿಲಿನಿಂದ ನೋಡಿರಬೇಕು.

“ಮನೆಗೆ ನಡಿ,” ಎಂದ ಅಕ್ಕನಿಗೆ.

ಅವಳು ಬಗ್ಗಿ ಟೇಪನ್ನು ನೆಲಕ್ಕೆ ತಾಗಿಸುತ್ತಿದ್ದಳು. “ಸ್ವಲ್ಪ ಬಲಕ್ಕೆ,” ಎಂದಳು ನನಗೆ. “ಓಲಾಡ್ತಿದೆ.”

“ನಿಂಗೇ ಹೇಳಿದ್ದು!”

“ಇನ್ನೂ ಒಂಚೂರು.”

ಅಪ್ಪ ಅವಳನ್ನು ದಾಟಿ ಮೆಟ್ಟಿಲು ಹತ್ತಿ ಬಂದ. ಅಕ್ಕನಿಗೆ ಮನೆ ಬಿಟ್ಟು ಹೋಗಲು ದಾರಿ ಮಾಡಿಕೊಡುವವನು ನಾನು ಎಂದು ಅವನಿಗೆ ಗೊತ್ತಿತ್ತು. “ಅಪ್ಪನ ಕೈ ಮುರಿದೋನು ಅಕ್ಕನ ಟೇಪ್ ಹಿಡ್ಕೊಂಡು ಕೂತಿದ್ದಾನೆ,” ಎಂದ. ಎಡಗೈಯಲ್ಲಿ ಕೆನ್ನೆಗೆ ಕೊಟ್ಟ. ಎಡಗೈ ಅಂತ ಹಗುರವೇನಿರಲಿಲ್ಲ. ನನ್ನ ಬಾಯಲ್ಲಿ ಉಪ್ಪು ರುಚಿ ಬಂತು.

“ಅಕ್ಕಾ,” ಎಂದೆ.

“ಬಿಡ್ಬೇಡ,” ಎಂದಳು ಕೆಳಗಿನಿಂದ. “ಅಲ್ಲಾಡ್ಸಬೇಡ. ಓದ್ತಿದ್ದೀನಿ.”

ಎರಡನೆಯದು ಹುಬ್ಬಿನ ಹೊಲಿಗೆಯ ಮೇಲೆ ಬಿತ್ತು. ಅದು ಬಿಚ್ಚಿಕೊಂಡಿತು. ಅಪ್ಪ ನಿಂತಿದ್ದದ್ದು ಕಟಕಟೆ ಇಲ್ಲದ ಮೆಟ್ಟಿಲಿನ ಅಂಚಿನಲ್ಲಿ, ಹಿಮ್ಮಡಿ ಅರ್ಧ ಗಾಳಿಯಲ್ಲಿ. ನನ್ನ ಹೆಗಲು ಒಂದು ಗೇಣು ಸರಿದಿದ್ದರೆ ಸಾಕಿತ್ತು. ಅವನು ಕೆಳಗೆ ಬೀಳುತ್ತಿದ್ದ. ನಾನು ಎಲ್ಲರಿಗೂ ತಾನಾಗಿ ಬಿದ್ದ ಎನ್ನಬಹುದಿತ್ತು. ನನ್ನ ಹೆಗಲಿನ ಸ್ನಾಯು ಆಗಲೇ ಬಿಗಿದಿತ್ತು. ಹೆಬ್ಬೆರಳಿನ ಕೆಳಗೆ ಟೇಪಿನ ತಗಡು ಬಿಸಿಯಾಗಿತ್ತು.

ಮೂರನೆಯದು ಕಿವಿಗೆ ಬಿತ್ತು. ಗುಂಯ್ ಎಂದಿತು. ಹೆಬ್ಬೆರಳನ್ನು ಇನ್ನೂ ಬಿಗಿಯಾಗಿ ಒತ್ತಿದೆ.

“ಹನ್ನೊಂದು ಅಡಿ,” ಎಂದಳು ಅಕ್ಕ. ಅವಳ ದನಿ ಎಲ್ಲೋ ದೂರದಿಂದ ಬಂತು. “ನಾಲ್ಕೂವರೆ ಇಂಚು. ಹನ್ನೊಂದು ಅಡಿ ನಾಲ್ಕೂವರೆ.” ಈ ಸಲ ಅಂಗೈಯಲ್ಲಲ್ಲ, ಪುಸ್ತಕದಲ್ಲಿ ಬರೆದಳು. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ತಲೆ ಎತ್ತಿ ನನ್ನನ್ನು ನೋಡಿದಳು.

“ಈಗ ಬಿಡು.”

ಬಿಟ್ಟೆ. ಟೇಪು ಸರ್ರನೆ ಇಳಿದು ಅವಳ ಕೈಯೊಳಗೆ ಸೇರಿಕೊಂಡಿತು.